ಬೆಟ್ಟದ ಮೇಲೆ ರಾತ್ರಿ ತಂಗುವವರು

ಮನೆಯ ನಕ್ಷೆ ಬರೆಸಲು ಬಂದವರು ಎಲ್ಲ ಮಾತು ಮುಗಿಸಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟುವ ಹೊತ್ತಿಗೆ ಈಗ ನೆನಪಾಯಿತೆಂಬಂತೆ ಹೇಳುತ್ತಿದ್ದ ಮಾತೊಂದಿತ್ತು: ‘ಮ್ಯಾಲಕ್ಕ ಒಸಿ ಕಂಬಿ ಬುಡ್ಸಿ ಸಾ.’ ಸದ್ಯಕ್ಕೆ ದುಡ್ಡಿರುವುದು ಒಂದು ಅಂತಸ್ತಿಗೆ. ಮಗನ ಮದುವೆಯಾದರೆ, ಬಾಡಿಗೆಗೆ ಯಾರಾದರೂ ಬಂದರೆ, ಮುಂದೊಂದು ದಿನ ಮೇಲೆ ಎಬ್ಬಿಸಬೇಕು. ಅದಕ್ಕಾಗಿ ಕಂಬಗಳ ಕಬ್ಬಿಣವನ್ನು ತಾರಸಿಯಿಂದ ಮೂರು ಅಡಿ ಮೇಲಕ್ಕೆ ಚಾಚಿ ಬಿಡಬೇಕು. ಕೊಳ್ಳೇಗಾಲದ ಹೊಸ ಬಡಾವಣೆಗಳಲ್ಲಿ ತಲೆಯೆತ್ತಿ ನಡೆದರೆ ಈ ಕಂಬಿಗಳ ಸಾಲು ಕಾಣುತ್ತದೆ. ತುಕ್ಕು ಹಿಡಿಯದಿರಲೆಂದು ಕೆಲವರು ಸಿಮೆಂಟು ಮೆತ್ತುತ್ತಾರೆ, ಕೆಲವರು ಖಾಲಿ ಬಾಟಲಿ ಬೋರಲು ಹಾಕುತ್ತಾರೆ, ಹೆಂಗಸರು ಬಟ್ಟೆ ಒಣಹಾಕುವ ಹಗ್ಗ ಬಿಗಿಯುತ್ತಾರೆ. ಎಷ್ಟೋ ಮನೆಗಳಲ್ಲಿ ಆ ಮುಂದೊಂದು ದಿನ ಬರುವುದೇ ಇಲ್ಲ.

ಬದುಕಿನ ಬಹುಪಾಲು ನಾನು ಮಾಡಿದ ಕೆಲಸ ಇದೇ. ಡಿಪ್ಲೊಮಾ ಮುಗಿಸಿ ಬಂದು ಕೊಳ್ಳೇಗಾಲದಲ್ಲಿ ಒಂದು ಮೇಜು, ಒಂದು ಬೋರ್ಡು ಇಟ್ಟುಕೊಂಡು ಕೂತವನು. ಆಗ ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನ ಪೆನ್ನಿನಲ್ಲಿ ಬರೆದು, ಮೈಸೂರಿಗೆ ಹೋಗಿ ಅಮೋನಿಯಾ ಪ್ರಿಂಟು ತೆಗೆಸಬೇಕಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ತೊಡೆಯ ಮೇಲಿನ ಸುರುಳಿಯ ಘಾಟಿಗೆ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು. ನಕ್ಷೆಗಳು ಚೆಂದವಾದವು, ಜನ ಕೇಳುವುದು ಮಾತ್ರ ಬದಲಾಗಲಿಲ್ಲ. ಪೇಟೆಯ ಮನೆಗಳು ಮೇಲೆದ್ದದ್ದಕ್ಕೆ ನನ್ನ ತಕರಾರೇನೂ ಇಲ್ಲ. ನಿವೇಶನ ಸಣ್ಣದು, ಸಂಸಾರ ದೊಡ್ಡದು, ಇನ್ನೆಲ್ಲಿಗೆ ಹೋಗಬೇಕು? ಆದರೆ ಅದೇ ಮಾತನ್ನು ಬಿಳಿಗಿರಿರಂಗನ ಬೆಟ್ಟದಲ್ಲಿ ಜಾಗ ಕೊಂಡವರೊಬ್ಬರು ನನ್ನ ಮೇಜಿನ ಎದುರು ಕೂತು ಹೇಳಿದ ದಿನ, ಅಳತೆಪಟ್ಟಿ ಹಿಡಿದ ಕೈ ಹಾಗೇ ನಿಂತಿತು. ಬೆಟ್ಟಕ್ಕೂ ಅಂತಸ್ತಿಗೂ ಸಂಬಂಧವಿದೆಯೆಂದು ಆವರೆಗೆ ನನಗೆ ಹೊಳೆದೇ ಇರಲಿಲ್ಲ.

ನಾನು ಯಳಂದೂರಿನವನು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಊರು. ಗೌರೀಶ್ವರ ದೇವಸ್ಥಾನದ ಬಳೆಮಂಟಪದಲ್ಲಿ ಕಲ್ಲಿನಲ್ಲಿ ಕಡೆದ ಬಳೆ, ಸರಪಳಿಗಳನ್ನು ನೋಡುತ್ತ ನಿಲ್ಲುವುದು, ಸುವರ್ಣಾವತಿ ಹೊಳೆಯಲ್ಲಿ ನೀರಿದ್ದಾಗ ಈಜುವುದು ನಮ್ಮ ಬಾಲ್ಯ. ತಾಲ್ಲೂಕು ಕೇಂದ್ರವೆಂದರೂ ಆಗ ಬೆಟ್ಟವನ್ನು ಮರೆಮಾಡುವಂಥ ಕಟ್ಟಡ ಊರಲ್ಲಿರಲಿಲ್ಲ. ಯಾವ ಬೀದಿಯ ತುದಿಗೆ ಹೋದರೂ ಬೆಟ್ಟದ ಸಾಲು ಎದುರಿಗೇ. ಮೋಡ ಅದರ ಸೊಂಟಕ್ಕಿಳಿದರೆ ಮಳೆ ಎಂದು ಅಪ್ಪ ಹಸುಗಳನ್ನು ಒಳಕ್ಕೆ ಕಟ್ಟುತ್ತಿದ್ದರು. ಅವ್ವನ ತವರು ಹನೂರಿನ ಕಡೆ. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನ ಒಂದು ಹೋಬಳಿ. ಕೊಳ್ಳೇಗಾಲವೋ 1956ರ ತನಕ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು. ಯಳಂದೂರಿನ ಜನ ಮೈಸೂರು ಮಹಾರಾಜರ ಪ್ರಜೆಗಳಾಗಿದ್ದಾಗ, ನೆಂಟಸ್ತನ ಬೆಳೆಸಿದ ಪಕ್ಕದ ಊರಿನವರು ಬ್ರಿಟಿಷರ ಪ್ರಜೆಗಳು. ಹೀಗೆ ಎರಡು ಸೀಮೆಯ ನಡುವೆ ಓಡಾಡಿದ ನನಗೆ ಎರಡು ಬೆಟ್ಟಗಳು ಒಟ್ಟಿಗೆ ಸಿಕ್ಕವು: ತಂದೆಯ ಕಡೆಯಿಂದ ರಂಗಪ್ಪ, ತಾಯಿಯ ಕಡೆಯಿಂದ ಮಾದಪ್ಪ.

ರಂಗಪ್ಪನ ಬೆಟ್ಟಕ್ಕೆ ನಾವು ಹೋಗುತ್ತಿದ್ದುದು ಸಂಕ್ರಾಂತಿ ಮುಗಿದ ಮೇಲಿನ ಚಿಕ್ಕ ಜಾತ್ರೆಗೆ. ದೊಡ್ಡ ತೇರು ಬೇಸಗೆಯಲ್ಲಿ. ಗುಂಬಳ್ಳಿ ದಾಟಿ ಬಸ್ಸು ಕಾಡು ಹೊಕ್ಕೊಡನೆ ಗಾಳಿ ತಣ್ಣಗಾಗುತ್ತಿತ್ತು. ಸಮುದ್ರಮಟ್ಟದಿಂದ ಐದು ಸಾವಿರ ಅಡಿಗೂ ಎತ್ತರದಲ್ಲಿ, ಬಿಳಿಯ ಬಂಡೆಯ ಅಂಚಿನಲ್ಲಿ ಗುಡಿ. ಆ ಬಂಡೆಯಿಂದಲೇ ಬೆಟ್ಟಕ್ಕೆ ಹೆಸರು. ದಾಸಪ್ಪಗಳು ಶಂಖ ಊದಿ ಜಾಗಟೆ ಬಾರಿಸಿ ಬ್ಯಾಟೆಮನೆ ಸೇವೆ ಮಾಡುವುದನ್ನು, ಸಾಲು ಸಾಲು ಜನ ‘ಗೋವಿಂದ’ ಎಂದು ಕೂಗುವುದನ್ನು ಬಾಯಿ ಬಿಟ್ಟು ನೋಡುತ್ತಿದ್ದೆ. ಗುಡಿಯಲ್ಲಿ ದೇವರಿಗೆ ಅರ್ಪಿಸಿದ ಭಾರೀ ಚರ್ಮದ ಚಪ್ಪಲಿಗಳಿರುತ್ತಿದ್ದವು. ನನ್ನಂಥ ಹುಡುಗ ಒಂದರೊಳಗೆ ಕೂತುಕೊಳ್ಳಬಹುದಾದಷ್ಟು ದೊಡ್ಡವು. ಹಳೆಯ ಜೋಡಿ ಸವೆದಾಗ ಹೊಸ ಜೋಡಿ ಬರುತ್ತದೆ. ದೇವರ ಚಪ್ಪಲಿ ಸವೆಯುವುದು ಹೇಗೆಂದು ನಾನು ಕೇಳಿದ್ದಕ್ಕೆ ಅವ್ವ, ‘ರಾತ್ರ ಎಲ್ಲಾ ಕಾಡು ಸುತ್ತುತಾನಲ್ಲ ರಂಗಪ್ಪ, ಸವೀದೆ ಏನು?’ ಎಂದಳು. ಬಿಸಿಲು ಇಳಿಯತೊಡಗಿದರೆ ಅಪ್ಪನಿಗೆ ಚಡಪಡಿಕೆ. ಕೊನೆಯ ಬಸ್ಸು ತಪ್ಪೀತೆಂಬ ಭಯ ಒಂದು, ಆನೆಯದು ಇನ್ನೊಂದು. ಎಲ್ಲಕ್ಕೂ ಮೇಲಾಗಿ, ಸಂಜೆಯ ನಂತರದ ಬೆಟ್ಟ ನಮ್ಮದಲ್ಲ ಎಂಬ ತಿಳಿವಳಿಕೆ ಬಂದವರಲ್ಲೆಲ್ಲ ಇತ್ತು. ಪ್ರಸಾದ ಉಂಡು, ಮಂಡಕ್ಕಿ ಬೆಂಡು ಬತ್ತಾಸು ಕಟ್ಟಿಕೊಂಡು, ಜನ ಇಳಿದುಬಿಡುತ್ತಿದ್ದರು. ಉಳಿಯುತ್ತಿದ್ದವರು ಅರ್ಚಕರು, ಬೆಟ್ಟದಲ್ಲೇ ಮನೆಯಿದ್ದ ಕೆಲವು ಕುಟುಂಬಗಳು ಮತ್ತು ಸುತ್ತಲ ಪೋಡುಗಳೆಂಬ ಹಾಡಿಗಳ ಸೋಲಿಗರು. ತಮ್ಮ ಕುಲದ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನೆಂದು ಸೋಲಿಗರು ರಂಗಪ್ಪನನ್ನು ‘ಭಾವ’ ಎನ್ನುತ್ತಾರೆ. ಭಾವನ ಮನೆಯಲ್ಲಿ ರಾತ್ರಿ ತಂಗುವ ಹಕ್ಕು ಅವರಿಗಿತ್ತು, ನಮಗಿರಲಿಲ್ಲ.

ಮಾದಪ್ಪನ ಬೆಟ್ಟದ ಲೆಕ್ಕವೇ ಬೇರೆ. ಅಲ್ಲಿಗೆ ಹೋಗುವುದೇ ರಾತ್ರಿ ತಂಗುವುದಕ್ಕೆ. ಅಮಾವಾಸ್ಯೆಯ ರಾತ್ರಿ ಸನ್ನಿಧಿಯಲ್ಲಿ ಕಳೆದರೆ ಹರಕೆ ಪೂರ್ತಿ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಜನ ದಿನಗಟ್ಟಲೆ ನಡೆದು ಬರುತ್ತಿದ್ದರು, ಇವತ್ತಿಗೂ ಬರುತ್ತಾರೆ. ಅಜ್ಜಿಯ ಜತೆ ನಾನೂ ಕೌದಳ್ಳಿ ಹಾದು ತಾಳಬೆಟ್ಟದಿಂದ ಹತ್ತಿದವನು. ದಾರಿಯುದ್ದಕ್ಕೂ ‘ಉಘೇ ಮಾದಪ್ಪ’. ಕಂಸಾಳೆಯವರು ಕೂತಲ್ಲೇ ಕಥೆ ಶುರುಮಾಡಿದರೆ ಬೆಳಗಾಗುವುದು ಗೊತ್ತಾಗುತ್ತಿರಲಿಲ್ಲ. ಮಲಗುವುದು ಎಲ್ಲೆಂದರಲ್ಲಿ: ಕಲ್ಲುಚಪ್ಪಡಿಯ ಮೇಲೆ, ಮಂಟಪದ ಮೂಲೆಯಲ್ಲಿ, ಮರದ ಬುಡದಲ್ಲಿ, ಮೂರು ಕಲ್ಲಿಟ್ಟು ಅನ್ನ ಬೇಯಿಸಿದ ಒಲೆಯ ಪಕ್ಕದಲ್ಲಿ. ಅಜ್ಜಿ ತನ್ನ ಸೀರೆಯ ಅರ್ಧ ಹಾಸಿ, ಅರ್ಧ ಹೊದಿಸುತ್ತಿದ್ದಳು. ಚಳಿಗೆ ಜನ ಒತ್ತೊತ್ತಾಗಿ ಮಲಗುತ್ತಿದ್ದರು, ಜಾತಿ ಕೇಳುವವರು ಆ ಒಂದು ರಾತ್ರಿ ಕಡಿಮೆ. ಎಪ್ಪತ್ತೇಳು ಮಲೆಯ ಒಡೆಯನ ನೆತ್ತಿಯ ಮೇಲೆ ಸಾವಿರಾರು ಜನ ಬಯಲಲ್ಲಿ ಮಲಗಿ ಎದ್ದುಹೋಗುತ್ತಿದ್ದರು.

ಈ ರಾತ್ರಿಗೊಂದು ಸೂರು ಬೇಕು ಎಂದು ಯಾರಿಗೋ ಅನ್ನಿಸಿದ್ದು ತಪ್ಪೆಂದು ನಾನು ಹೇಳಲಾರೆ. ಮುದುಕರು, ಬಸುರಿಯರು, ಕೈಗೂಸಿನವರು ಮಳೆಯಲ್ಲಿ ನೆನೆಯುವುದನ್ನು ಕಂಡಿದ್ದೇನೆ. ಹೆಣ್ಣುಮಕ್ಕಳು ಬಹಿರ್ದೆಸೆಗೆ ಕತ್ತಲು ಹುಡುಕಿಕೊಂಡು ಹೋಗಬೇಕಿತ್ತು. ಮೊದಲು ಛತ್ರಗಳು ಬಂದವು, ಆಮೇಲೆ ವಸತಿಗೃಹಗಳು, ಆಮೇಲೆ ಒಂದರ ಮೇಲೊಂದು ಅಂತಸ್ತು. ಕ್ಷೇತ್ರಕ್ಕೆ ಅಭಿವೃದ್ಧಿ ಪ್ರಾಧಿಕಾರವೂ ಆಯಿತು. 2023ರ ಮಾರ್ಚಿನಲ್ಲಿ ಹುಲಿಯ ಮೇಲೆ ಕೂತ ಮಾದಪ್ಪನ 108 ಅಡಿಯ ಪ್ರತಿಮೆ ಉದ್ಘಾಟನೆಗೊಂಡಿತು. ಹುಲಿ ಸವಾರಿಯ ದೇವರಿಗೆ ಕಾಂಕ್ರೀಟಿನ ಹುಲಿ. ಸುತ್ತಲಿನ ಕಾಡು 2013ರಲ್ಲೇ ವನ್ಯಜೀವಿಧಾಮವಾಗಿತ್ತು, ಸುಮಾರು 906 ಚದರ ಕಿಲೋಮೀಟರ್. 2025ರ ಜೂನ್‌ನಲ್ಲಿ ಅದೇ ಕಾಡಿನ ಹೂಗ್ಯಂ ವಲಯದಲ್ಲಿ ತಾಯಿ, ಮರಿ ಸೇರಿ ಐದು ಹುಲಿಗಳು ವಿಷಪ್ರಾಶನಕ್ಕೆ ಬಲಿಯಾದವು. ಪ್ರತಿಮೆಗೂ ಆ ಸಾವಿಗೂ ನಂಟು ಹಚ್ಚುವುದು ಅನ್ಯಾಯ. ಆದರೂ ಸುದ್ದಿ ಓದಿದ ದಿನ, ನಿಂತಿರುವ ಹುಲಿಗೆ ನಾವು ಕಟ್ಟಿದ ಎತ್ತರವನ್ನೂ ನಡೆಯುವ ಹುಲಿಗೆ ಉಳಿಸಿದ ಜಾಗವನ್ನೂ ಮನಸ್ಸು ತಾನಾಗಿಯೇ ಅಕ್ಕಪಕ್ಕ ಇಟ್ಟು ನೋಡಿತು.

ಎರಡು ಬೆಟ್ಟಗಳಲ್ಲಿ ಒಂದು ಮೇಲೆದ್ದಿತು, ಇನ್ನೊಂದು ಬಹುಕಾಲ ತಗ್ಗಾಗಿಯೇ ಉಳಿಯಿತು. ಏಕೆಂದು ಯೋಚಿಸಿದಾಗೆಲ್ಲ ನನಗೆ ಸಿಗುವ ಉತ್ತರ ಒಂದೇ. ಕಟ್ಟಡದ ಎತ್ತರ ನಿರ್ಧಾರವಾಗುವುದು ರಾತ್ರಿ ಉಳಿಯುವವರ ಸಂಖ್ಯೆಯಿಂದ. ಹಗಲು ಬಂದು ಹೋಗುವವರಿಗೆ ಬೇಕಾದದ್ದು ನೆರಳು, ನೀರು, ಒಂದು ಊಟದ ಮನೆ. ಇವೆಲ್ಲ ನೆಲದ ಮೇಲೇ ಆಗುತ್ತವೆ. ರಾತ್ರಿ ಉಳಿಯುವವರಿಗೆ ಹಾಸಿಗೆ ಬೇಕು, ಹಾಸಿಗೆಗೊಂದು ಕೋಣೆ ಬೇಕು, ಕೋಣೆಗೊಂದು ಬಚ್ಚಲು, ಬಚ್ಚಲಿಗೆ ಬಿಸಿನೀರು, ಬಿಸಿನೀರಿಗೆ ಮೇಲೊಂದು ಟ್ಯಾಂಕು. ಬೆಟ್ಟದ ಮೇಲೆ ಸಮತಟ್ಟು ಜಾಗ ಕಡಿಮೆಯಾದ್ದರಿಂದ ಕೋಣೆಗಳು ಒಂದರ ಹೆಗಲೇರಿ ಇನ್ನೊಂದು ಕೂರುತ್ತವೆ.

ಬಿಳಿಗಿರಿ ತಗ್ಗಾಗಿ ಉಳಿದದ್ದಕ್ಕೆ ಬೇರೆ ಕಾರಣಗಳೂ ಇದ್ದವು, ಎಲ್ಲವೂ ಹೆಮ್ಮೆಪಡುವಂಥವಲ್ಲ. 1974ರಲ್ಲಿ ಅದು ವನ್ಯಜೀವಿಧಾಮವಾಯಿತು. ಕಾಡಿನೊಳಗೆ ಜಾಗ ಬದಲಿಸುತ್ತ ರಾಗಿ ಬಿತ್ತಿ ಬದುಕುತ್ತಿದ್ದ ಸೋಲಿಗರನ್ನು ರಸ್ತೆಯ ಪಕ್ಕದ ಕಾಲೊನಿಗಳಿಗೆ ತಂದು ಕೂರಿಸಿದರು. ಕಾಡು ಉಳಿಯಿತು ಎನ್ನುವವರು ಯಾರ ಲೆಕ್ಕದಲ್ಲಿ ಉಳಿಯಿತು ಎಂಬುದನ್ನೂ ಹೇಳಬೇಕು. ಆಮೇಲೆ ಬಂದದ್ದು ವೀರಪ್ಪನ್ ಕಾಲ. ಅವನ ಹುಟ್ಟೂರು ಗೋಪಿನಾಥಂ ನಮ್ಮ ಅಜ್ಜಿಯ ಸೀಮೆಯ ಹಳ್ಳಿಯೇ. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಕೊಲೆಯಾದರು. ಮರುವರ್ಷ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ. 2000ದ ಜುಲೈನಲ್ಲಿ ಗಡಿಯಾಚೆಯ ಗಾಜನೂರಿನಿಂದ ರಾಜಕುಮಾರ್ ಅವರನ್ನು ಅಪಹರಿಸಿದಾಗ ನಮ್ಮೂರಿನಲ್ಲಿ ಅಂಗಡಿಗಳು ಬಾಗಿಲು ಹಾಕಿದವು, ನಕ್ಷೆ ಕೇಳಿಕೊಂಡು ಒಬ್ಬ ಪ್ರಾಣಿಯೂ ಬರಲಿಲ್ಲ. 2002ರಲ್ಲಿ ಕಾಮಗೆರೆಯ ಮನೆಯಿಂದ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಎಳೆದೊಯ್ದರು, ಅವರು ಜೀವಂತ ಮರಳಲಿಲ್ಲ. ಇಂಥ ಕಾಡಿನಲ್ಲಿ ಯಾವ ಪ್ರವಾಸಿ ರಾತ್ರಿ ತಂಗುತ್ತಾನೆ? ಬೆಂಗಳೂರಿನ ದುಡ್ಡು ಕೊಡಗಿಗೆ ಹೋಯಿತು, ಚಿಕ್ಕಮಗಳೂರಿಗೆ ಹೋಯಿತು, ನಮ್ಮ ಕಡೆ ತಿರುಗಲಿಲ್ಲ. ಒಂದು ಕಡೆ ವೀರಪ್ಪನ್, ಇನ್ನೊಂದು ಕಡೆ ಅವನನ್ನು ಹುಡುಕುವ ಪಡೆ. ಇವರಿಬ್ಬರ ನಡುವೆ ಸಿಕ್ಕು ನರಳಿದವರು ಕಾಡಂಚಿನ ಬಡವರು, ಸೋಲಿಗರು. ಅವರ ಭಯದ ಬೆಲೆಗೆ ಬೆಟ್ಟದ ನೋಟ ಉಳಿಯಿತು ಎನ್ನುವುದನ್ನು ಸಂತೋಷದಿಂದ ಬರೆಯಲಾಗದು, ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ.

ಅದಕ್ಕೂ ಮೊದಲೇ ಬೆಟ್ಟದ ಮೇಲೆ ಕಟ್ಟಿದವರಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಾರಿಸ್ ಮನೆತನದವರು ಅತ್ತಿಕಾನೆಯ ಕಡೆ ಕಾಫಿ ತೋಟ ಎಬ್ಬಿಸಿದ್ದರು. 1981ರಲ್ಲಿ ಡಾ. ಎಚ್. ಸುದರ್ಶನ್ ಸೋಲಿಗರಿಗಾಗಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದರು. ಆಸ್ಪತ್ರೆ, ಶಾಲೆ, ಕಾರ್ಯಾಗಾರ ಎಲ್ಲ ಬಂದವು. ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಿಕ್ಕಾಗ ಯಳಂದೂರಿನವರಿಗೆಲ್ಲ ತಮ್ಮ ಮನೆಗೇ ಬಂದಷ್ಟು ಖುಷಿ. ಆಸ್ಪತ್ರೆ, ಶಾಲೆ ಬಂದೂ ಬೆಟ್ಟದ ಗೆರೆ ಕೆಡಲಿಲ್ಲ. ಹೆಂಚು, ಕಲ್ಲು, ಮರಗಳ ನಡುವೆ ನೆಲಕ್ಕಂಟಿದ ಕಟ್ಟಡಗಳು. ಅಲ್ಲಿ ಉಳಿಯುವವರಿಗೆ ಬೆಟ್ಟದಲ್ಲಿ ಒಂದು ಕೆಲಸವಿತ್ತು. ಕಿಟಕಿಯಿಂದ ಕಾಡು ನೋಡುವುದಕ್ಕೆಂದೇ ಯಾರೂ ಅಲ್ಲಿ ಮಲಗುತ್ತಿರಲಿಲ್ಲ.

2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ. ಕೆಲವೇ ವರ್ಷಗಳಲ್ಲಿ ನನ್ನ ಮೇಜಿನ ಮೇಲೆ ಬೇರೆ ಬಗೆಯ ಸರ್ವೆ ನಂಬರುಗಳು ಬರತೊಡಗಿದವು. ಬೆಟ್ಟದ ಮೇಲೆ, ಬೆಟ್ಟದ ತಪ್ಪಲಲ್ಲಿ, ಕಾಡಿನೊಳಗೆ ದ್ವೀಪಗಳಂತೆ ಉಳಿದಿದ್ದ ಕಂದಾಯ ಭೂಮಿಗಳಲ್ಲಿ ಜಾಗ ಕೊಂಡವರು ಬಂದರು. ಮೊದಲು ಹೇಳಿದವರೂ ಅವರಲ್ಲೊಬ್ಬರು. ನಯವಾದ ಮಾತಿನ ಮನುಷ್ಯ, ಹಕ್ಕಿಗಳ ಬಗ್ಗೆ ನನಗಿಂತ ಚೆನ್ನಾಗಿ ತಿಳಿದವರು. ಸಂಸಾರಕ್ಕೊಂದು ತೋಟದ ಮನೆ ಎಂದರು. ತಾವೇ ಪೆನ್ಸಿಲಿನಲ್ಲಿ ಗೀಚಿ ತಂದಿದ್ದ ಹಾಳೆಯನ್ನು ಬಿಡಿಸಿದರು. ಎಂಟು ಕೋಣೆ, ಎಂಟು ಬಚ್ಚಲು, ಪ್ರತಿ ಕೋಣೆಗೂ ಹೊರಗಿನಿಂದ ಬಾಗಿಲು, ಒಂದೇ ಅಡುಗೆಮನೆ. ಆ ಅಡುಗೆಮನೆ ನಮ್ಮ ಮನೆಯ ನಡುಮನೆಗಿಂತ ದೊಡ್ಡದು. ಪೂಜೆಗೆ ಜಾಗವಿಲ್ಲ, ದವಸ ಇಡಲು ಕೋಣೆಯಿಲ್ಲ. ಮೇಲಕ್ಕೆ ಕಂಬಿ ಬೇರೆ.

ಮನೆ ಯಾವುದು, ಲಾಡ್ಜು ಯಾವುದು ಎಂದು ನಕ್ಷೆ ನೋಡಿದರೆ ನಮ್ಮ ಕಸುಬಿನ ಯಾರಿಗಾದರೂ ಗೊತ್ತಾಗುತ್ತದೆ. ಇನ್ನೂ ನಿಜವಾದ ಸಾಕ್ಷಿ ಸೆಪ್ಟಿಕ್ ಟ್ಯಾಂಕು. ಅದರ ಉದ್ದ, ಅಗಲ, ಆಳ ನಿಗದಿಯಾಗುವುದು ಎಷ್ಟು ಜನ ಬಳಸುತ್ತಾರೆ ಎಂಬುದರ ಮೇಲೆ. ಐದು ಜನರಿಗೆ ಒಂದು ಅಳತೆ, ಇಪ್ಪತ್ತು ಜನರಿಗೆ ಇನ್ನೊಂದು. ಗೋಡೆಗಳು ಸುಳ್ಳು ಹೇಳಬಹುದು, ಗುಂಡಿ ಹೇಳುವುದಿಲ್ಲ. ‘ಎಷ್ಟು ಜನಕ್ಕೆ ಟ್ಯಾಂಕು ಹಾಕಲಿ?’ ಎಂದು ಕೇಳಿದೆ. ‘ಅದನ್ನೆಲ್ಲ ಪ್ಲಾನಿನಲ್ಲಿ ತೋರಿಸಲೇಬೇಕಾ?’ ಎಂದರು. ತೋರಿಸಬೇಕು ಅಂದೆ. ಅದು ಬಂಡೆಯ ನೆಲ, ಮೇಲೆ ಬರೀ ಎರಡು ಅಡಿ ಮಣ್ಣು, ಇಂಗುಗುಂಡಿಯ ನೀರು ಒಳಗೆ ಇಳಿಯದೆ ಪಕ್ಕಕ್ಕೆ ಜಿನುಗಿ ಕೆಳಗಿನ ಝರಿ ಸೇರುತ್ತದೆ, ಆ ಝರಿಯ ಪಕ್ಕ ಪೋಡು ಇದೆ ಎಂದೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ಹಾಳೆ ಸುತ್ತಿಕೊಂಡು ಎದ್ದರು. ಪೇಟೆಯಲ್ಲಿ ನಕ್ಷೆ ಬರೆಯುವವನು ನಾನೊಬ್ಬನೇ ಆಗಿರಲಿಲ್ಲ.

ಜಾಗ ನೋಡಲು ಅವರ ಜತೆ ಹೋಗಿದ್ದಾಗ ಬೇಲಿ ಕೆಲಸಕ್ಕೆ ಬಂದಿದ್ದ ಸೋಲಿಗ ಹಿರಿಯರೊಬ್ಬರು ಬಂಡೆಯ ಮೇಲೆ ಕೂತಿದ್ದರು. ನಾನು ಟೇಪು ಹಿಡಿದು ನೆಲ ಅಳೆಯುತ್ತಿದ್ದರೆ ಅವರು ಕೈಯಿಂದ ಗಾಳಿಯಲ್ಲಿ ಒಂದು ಗೆರೆ ಎಳೆದು ತೋರಿಸಿದರು. ಬೇಸಗೆಯಲ್ಲಿ ಆನೆ ಈ ತಗ್ಗಿನಿಂದ ಹತ್ತಿ ಆ ಕೆರೆಗೆ ಹೋಗುತ್ತದಂತೆ. ‘ಮನ ಇದ್ರ ಸುತ್ತಾಕ್ಕಂಡು ಓಯ್ತುದ ಬುದ್ಧಿ. ಮ್ಯಾಲ ಲೈಟಾಕುದ್ರ ನಿಂತ್ಕಂಡುಬುಡ್ತುದ’ ಎಂದರು. ನಿಂತ ಆನೆ ಮುಂದೆ ಏನು ಮಾಡುತ್ತದೆ ಎಂಬುದನ್ನು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನಮ್ಮ ಅಳತೆ ಗೋಡೆಗೆ ನಿಲ್ಲುತ್ತದೆ. ಎರಡನೆಯ ಅಂತಸ್ತಿನಲ್ಲಿ ಉರಿಯುವ ದೀಪ ಎಷ್ಟು ದೂರ ಬೀಳುತ್ತದೆ ಎಂಬುದನ್ನು ಯಾವ ನಕ್ಷೆಯಲ್ಲೂ ಬರೆಯುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಬಿಳಿಗಿರಿ 2011ರ ಆರಂಭದಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಇಂಥ ಸಂರಕ್ಷಿತ ಕಾಡುಗಳ ಸುತ್ತ ಪರಿಸರ ಸೂಕ್ಷ್ಮ ವಲಯ ಗುರುತಿಸುವಾಗ, ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಹೊಸ ವಾಣಿಜ್ಯ ಹೋಟೆಲು, ರೆಸಾರ್ಟು ಕೂಡದು ಎಂದು ಬರೆಯುವುದು ವಾಡಿಕೆ. ಸ್ಥಳೀಯರು ಸ್ವಂತ ವಾಸಕ್ಕೆ ಮನೆ ಕಟ್ಟಿಕೊಳ್ಳಬಹುದು ಎಂಬ ವಿನಾಯಿತಿಯೂ ಇರುತ್ತದೆ, ಇರಲೇಬೇಕು. ಆ ವಿನಾಯಿತಿಯ ಬಾಗಿಲಿನಿಂದಲೇ ಹೋಂಸ್ಟೇ ಒಳಗೆ ನುಗ್ಗುವುದು. ಮನೆಯೆಂದು ಪರವಾನಗಿ ಪಡೆದದ್ದು ಗೇಟಿಗೆ ಬೋರ್ಡು ತೂಗುಹಾಕುವ ತನಕ ಮನೆಯೇ. ಬೋರ್ಡು ಬಂದ ಮೇಲೆ ಕೇಳಲು ಹೋದವರಿಗೆ ಕೋಣೆಯಲ್ಲಿರುವವರು ನೆಂಟರು.

ಕರಾವಳಿಯವರನ್ನು ಕಂಡು ನನಗೆ ಅಸೂಯೆಯಾದದ್ದು ಎತ್ತರದ ಮಿತಿಯ ಈ ಒಂದು ವಿಷಯದಲ್ಲಿ. ತಂಗಿಯನ್ನು ಕೊಟ್ಟದ್ದು ಹೊನ್ನಾವರದ ಕಡೆಗೆ. ಅವರೂರಿನ ಪಂಚಾಯಿತಿಯಲ್ಲಿ ಕಡಲ ದಂಡೆಯ ನಿಯಮದ ಬಗ್ಗೆ ಜಗಳ ನಡೆಯುವುದನ್ನು ಕಂಡಿದ್ದೇನೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹಳ್ಳಿಗಾಡಿನ ದಂಡೆಗೆ ಒಂದು ಅಳತೆಯನ್ನೇ ಕೊಟ್ಟಿತ್ತು: ಒಂಬತ್ತು ಮೀಟರ್, ಎರಡು ಅಂತಸ್ತು. ಅದನ್ನು ಮುರಿದವರುಂಟು, ಸಡಿಲಿಸಿದ ತಿದ್ದುಪಡಿಗಳುಂಟು. ಆದರೂ ಜಗಳವಾಡಲು ಕೈಯಲ್ಲಿ ಒಂದು ಅಂಕಿ ಇತ್ತು. ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಹತ್ತು ಅಂತಸ್ತಿನ ಒಂದೇ ಒಂದು ಹೋಟೆಲು 1960ರ ದಶಕದಲ್ಲಿ ಎದ್ದು ನಿಂತದ್ದನ್ನು ನೋಡಿ, ತೆಂಗಿನ ಮರಕ್ಕಿಂತ ಎತ್ತರ ಯಾರೂ ಕಟ್ಟಬಾರದೆಂದು ಹದಿನೈದು ಮೀಟರಿನ ಮಿತಿ ಹಾಕಿದರು. ಅಷ್ಟು ದೂರವೇಕೆ, ನಮ್ಮ ನೆರೆಯ ತಮಿಳುನಾಡಿನ ಗಿರಿಧಾಮಗಳಲ್ಲೂ ಎತ್ತರಕ್ಕೆ ಮಿತಿಯಿದೆ. ಕೊಡೈಕೆನಾಲ್‌ನಲ್ಲಿ ಎರಡು ಅಂತಸ್ತಿಗೆ ಪರವಾನಗಿ ಪಡೆದ ಹೋಟೆಲೊಂದು ಏಳಕ್ಕೆ ಏರಿದಾಗ ಪಳನಿ ಬೆಟ್ಟಗಳ ಸಂರಕ್ಷಣಾ ಮಂಡಳಿಯವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಸರ್ಕಾರ ಕೊಟ್ಟಿದ್ದ ವಿನಾಯಿತಿಯನ್ನು 1995ರಲ್ಲಿ ಮದ್ರಾಸ್ ಹೈಕೋರ್ಟು ರದ್ದುಮಾಡಿತು. ಮುಂದೆ ಅದು ಒಬ್ಬ ಮುಖ್ಯಮಂತ್ರಿಯ ಮೇಲಿನ ಮೊಕದ್ದಮೆಯ ತನಕ ಬೆಳೆಯಿತು. ಅಂತಸ್ತುಗಳ ಜಗಳ ಸಣ್ಣದೆಂದು ತಿಳಿದವರು ಆ ಪ್ರಕರಣ ನೆನೆಯಬೇಕು.

ಹಾಗೆಂದು ಎತ್ತರವೆಲ್ಲ ಕೆಟ್ಟದ್ದೆಂದು ನಾನು ತಿಳಿದಿಲ್ಲ. ಕೊಳ್ಳೇಗಾಲ ತಾಲ್ಲೂಕಿಗೆ ಕಾವೇರಿ ದಂಡೆಯೂ ಇದೆ. ದಾಸನಪುರ, ಮುಳ್ಳೂರು, ಹಳೇ ಹಂಪಾಪುರ, ಯಡಕುರಿಯ ಇವೆಲ್ಲ ಹೊಳೆ ಉಕ್ಕಿದರೆ ಮೊದಲು ಮುಳುಗುವ ಊರುಗಳು. 2018ರ ಮಳೆಗಾಲದಲ್ಲಿ ಶಿವನಸಮುದ್ರದ ಹಳೆಯ ಕಲ್ಲುಸೇತುವೆ, ರಾಮಸ್ವಾಮಿ ಮೊದಲಿಯಾರರು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ್ದು, ಪ್ರವಾಹಕ್ಕೆ ಮುರಿಯಿತು. ಮರುವರ್ಷ ಮತ್ತೆ ನೀರು. ನೀರಿಳಿದ ಮೇಲೆ ಆ ಊರುಗಳ ಜನ ಬಂದು ನನ್ನನ್ನು ಕರೆದೊಯ್ದರು. ಗೋಡೆಯ ಮೇಲೆ ಕೆಸರಿನ ಗೆರೆ ಎಲ್ಲಿಗೆ ನಿಂತಿದೆ ಎಂದು ಅಳೆದು, ಅದಕ್ಕಿಂತ ಮೇಲಕ್ಕೆ ತಳಪಾಯ ಏರಿಸಿ ನಕ್ಷೆ ಬರೆದುಕೊಟ್ಟೆ. ಅಟ್ಟದ ಮೇಲೆ ದವಸ, ತಾರಸಿಗೆ ಒಂದು ಮೆಟ್ಟಿಲು, ಕೊಟ್ಟಿಗೆಗೆ ದಿಬ್ಬ. ಆ ಮನೆಗಳೂ ಎತ್ತರವಾದವು. ಆ ಎತ್ತರವನ್ನು ಕೇಳಿದ್ದು ಹೊಳೆ, ಅದರಲ್ಲಿ ಮಲಗುವವರು ಮೊದಲು ಮಲಗುತ್ತಿದ್ದವರೇ. ಏಷ್ಯಾದಲ್ಲೇ ಮೊದಲ ದೊಡ್ಡ ಜಲವಿದ್ಯುತ್ ಕೇಂದ್ರಗಳಲ್ಲೊಂದು ಎನಿಸಿದ ಶಿವನಸಮುದ್ರದ ಘಟಕವೂ ಇದೇ ಹೊಳೆಯ ಮೇಲೆ 1902ರಲ್ಲಿ ಎದ್ದದ್ದು. ಅಷ್ಟು ದೊಡ್ಡ ಕೆಲಸ ಕಣಿವೆಯ ತಳದಲ್ಲಿ ಕೂತು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. ಗಗನಚುಕ್ಕಿ, ಭರಚುಕ್ಕಿಗಳ ಮುಂದೆ ಇಂದಿಗೂ ಜನ ಜಲಪಾತವನ್ನೇ ನೋಡುತ್ತಾರೆ, ಕಟ್ಟಡವನ್ನಲ್ಲ.

ಬೆಟ್ಟದ ಸಹಜ ರೂಪ ಉಳಿಯಬೇಕೆಂದು ಪೇಟೆಯವರು ಮಾತಾಡುವಾಗ ನನಗೆ ಸ್ವಲ್ಪ ಮುಜುಗರವಾಗುವುದು ಇಲ್ಲಿ. ಸಹಜ ರೂಪವೆಂದರೆ ಸೋಲಿಗರು ಇನ್ನೂ ಬಿದಿರು ಹುಲ್ಲಿನ ಗುಡಿಸಲಲ್ಲಿ ಸೋರುವ ಸೂರಿನ ಕೆಳಗೆ ಇರಬೇಕೆಂದೇ? ಅವರ ಪೋಡುಗಳಿಗೆ ಗಟ್ಟಿ ಮನೆ ಬೇಕು, ಕರೆಂಟು ಬೇಕು, ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯಲು ರಸ್ತೆ ಬೇಕು. ಮಾದಪ್ಪನ ಬೆಟ್ಟದ ಸುತ್ತಲ ಇಂಡಿಗನತ್ತ, ಮೆಂದಾರೆಯಂಥ ಹಳ್ಳಿಗಳವರು ರಸ್ತೆ, ಕರೆಂಟಿಗಾಗಿ ಎಷ್ಟು ವರ್ಷದಿಂದ ಅರ್ಜಿ ಹಿಡಿದು ತಿರುಗಿದ್ದಾರೆ. ಇವರಿಗೆ ಕಾಡಿನ ಕಾನೂನು ಓದಿ ಹೇಳುವ ಬಾಯಿಯೇ ಪ್ರವಾಸಿಯ ಕೋಣೆಗೆ ಬಿಸಿನೀರಿನ ವ್ಯವಸ್ಥೆ ಮಾಡುತ್ತದೆ. ಪೋಡಿನ ಮನೆಗಳು ಗಟ್ಟಿಯಾದರೂ ಬೆಟ್ಟಕ್ಕೆ ಹೊರೆಯಾಗುವುದಿಲ್ಲ. ಅಲ್ಲಿ ರಾತ್ರಿ ಕಳೆಯುವವರ ಸಂಖ್ಯೆ ಅದರಿಂದ ಹೆಚ್ಚುವುದಿಲ್ಲವಲ್ಲ.

ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. 2011ರ ಅಕ್ಟೋಬರಿನಲ್ಲಿ ಬಿಳಿಗಿರಿಯ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಹುಲಿ ಮೀಸಲು ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕದ್ದು ದೇಶದಲ್ಲೇ ಮೊದಲು ಎಂದು ಆಗ ಪತ್ರಿಕೆಗಳಲ್ಲಿ ಓದಿದೆವು. ಜೇನು, ನೆಲ್ಲಿ, ಪಾಚಿ ಸಂಗ್ರಹಕ್ಕೆ ಬಿದ್ದಿದ್ದ ತಡೆಯ ವಿರುದ್ಧ ಅವರು ವರ್ಷಗಟ್ಟಲೆ ಹೋರಾಡಿದ್ದರು. ಜನ ನೆನಪಿಟ್ಟದ್ದು ಜೇನು, ನೆಲ್ಲಿಯನ್ನು. ನನ್ನ ಕಣ್ಣಿಗೆ ಬಿದ್ದದ್ದು ಕಾಯ್ದೆಯ ಐದನೆಯ ಕಲಮು. ಕಾಡನ್ನು, ನೀರಿನ ಮೂಲವನ್ನು, ತಮ್ಮ ನೆಲೆಯನ್ನು ಕೆಡಿಸುವ ಚಟುವಟಿಕೆಯನ್ನು ತಡೆಯುವ ಅಧಿಕಾರ ಗ್ರಾಮಸಭೆಗಿದೆ ಎನ್ನುತ್ತದೆ ಅದು. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಹನ್ನೆರಡು ಗ್ರಾಮಸಭೆಗಳು ಸೇರಿ ಬಾಕ್ಸೈಟ್ ಗಣಿಗೆ ಬೇಡವೆಂದವು, ಗಣಿ ನಿಂತಿತು. ಬೆಟ್ಟವೊಂದನ್ನೇ ಅಗೆದು ಒಯ್ಯಲು ಬಂದವರನ್ನು ತಡೆಯಬಲ್ಲ ಸಭೆಗೆ, ಬೆಟ್ಟದ ಮೇಲೆ ಎಷ್ಟು ಹಾಸಿಗೆ ಹಾಕಬಹುದೆಂದು ಹೇಳಲಾಗದೆ?

ಸೋಲಿಗರಿಗೆ ಈ ಲೆಕ್ಕ ಹೊಸದಲ್ಲ. ಅವರ ಕಾಡಿನಲ್ಲಿ ಪ್ರತಿ ಕುಲಕ್ಕೂ ಎಲ್ಲೆಯಿದೆ, ಎಲ್ಲೆಯೊಳಗೆ ದೇವರ ಜಾಗ, ವೀರರ ಜಾಗ, ನೀರಿನ ಜಾಗ ಬೇರೆ ಬೇರೆ. ದೊಡ್ಡ ಸಂಪಿಗೆ ಮರವನ್ನು ನೋಡಲು ನಾನು ಅವರಲ್ಲೊಬ್ಬರ ಜತೆ ಹೋದಾಗ, ಭಾರ್ಗವಿ ಹೊಳೆಯ ಪಕ್ಕ ಶತಮಾನಗಳಿಂದ ನಿಂತ ಆ ಮರದ ಬುಡದಲ್ಲಿ ಸಣ್ಣ ಕಲ್ಲುಗಳ ಸಾಲೊಂದೇ ಇತ್ತು. ಗೋಡೆಯಿಲ್ಲ, ಗೋಪುರವಿಲ್ಲ, ಕಾಣಿಕೆ ಡಬ್ಬಿಯಿಲ್ಲ. ಪೂಜೆಗೆ ಬಂದವರು ಪೂಜೆ ಮುಗಿಸಿ ಹಿಂದಿರುಗುತ್ತಾರೆ. ಬೆಟ್ಟದ ಅತಿ ದೊಡ್ಡ ದೇವರಿಗೇ ಸೂರು ಬೇಡವಾದಾಗ ಮಿಕ್ಕವರು ಎಷ್ಟು ಕೇಳಬೇಕು ಎಂಬುದು ಆ ಜನರಿಗೆ ಯಾರೂ ಹೇಳಿಕೊಡದೆ ತಿಳಿದಿದೆ.

ಈಗ ನಾನು ಮೇಜು ಮಡಿಸಿ ಮನೆಯಲ್ಲಿದ್ದೇನೆ. ಆದರೂ ಗ್ರಾಮ ಪಂಚಾಯಿತಿಯ ಗೆಳೆಯರು ಸಿಕ್ಕಾಗ ಒಂದು ಮಾತು ಹೇಳುವುದನ್ನು ಬಿಟ್ಟಿಲ್ಲ. ಬೆಟ್ಟದಲ್ಲಿ ಕಟ್ಟಡದ ಪರವಾನಗಿಗೆ ಬರುವ ಅರ್ಜಿಯಲ್ಲಿ ನಿವೇಶನದ ಉದ್ದ, ಅಗಲ, ಗೋಡೆಯ ಎತ್ತರ ಕೇಳುತ್ತೀರಿ. ಅದರ ಮೊದಲ ಸಾಲಿನಲ್ಲಿ ‘ರಾತ್ರಿ ಎಷ್ಟು ಜನ ತಂಗುತ್ತಾರೆ, ಅವರ ನೀರು ಎಲ್ಲಿಂದ ಬರುತ್ತದೆ, ಕೊಳೆ ಎಲ್ಲಿಗೆ ಹೋಗುತ್ತದೆ’ ಎಂದು ಕೇಳಿ. ಉತ್ತರವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಸೆಪ್ಟಿಕ್ ಟ್ಯಾಂಕಿನ ಅಳತೆಗೂ ಆ ಉತ್ತರಕ್ಕೂ ತಾಳೆ ಹಾಕಿ ನೋಡಿ. ಹಗಲು ಬರುವವರು ಎಷ್ಟು ಬೇಕಾದರೂ ಬರಲಿ, ತಪ್ಪಲಿನ ಯಳಂದೂರಿನಲ್ಲಿ, ಕೊಳ್ಳೇಗಾಲದಲ್ಲಿ, ಹನೂರಿನಲ್ಲಿ ಮಲಗಲಿ. ಆ ಊರುಗಳ ಹೋಟೆಲಿಗೆ, ಆಟೋದವರಿಗೆ, ಹೂವು ಮಾರುವವರಿಗೆ ಅದರಿಂದ ನಾಲ್ಕು ಕಾಸು ಸಿಗುತ್ತದೆ, ಅಲ್ಲಿ ಅಂತಸ್ತು ಏರಿದರೆ ಯಾರ ದಾರಿಯೂ ಕಟ್ಟುವುದಿಲ್ಲ. ಮಾದಪ್ಪನಿಗೆ ಹರಕೆ ಹೊತ್ತವರ ಒಂದು ರಾತ್ರಿಯನ್ನು ಯಾರೂ ಕಿತ್ತುಕೊಳ್ಳಬಾರದು, ಆ ರಾತ್ರಿಗೆ ಕೋಣೆಗಿಂತ ಮಳೆ ತಡೆಯುವ ವಿಶಾಲ ಮಂಟಪ, ಶೌಚಾಲಯ, ಕುಡಿಯುವ ನೀರು ಹೆಚ್ಚು ಅಗತ್ಯ. ಉಳಿದ ರಾತ್ರಿಗಳಿಗೆ ಮಿತಿ ಬೇಕು. ಆ ಮಿತಿಯನ್ನು ಬೆಂಗಳೂರಿನ ಕಚೇರಿಯಾಗಲಿ, ನನ್ನಂಥ ನಕ್ಷೆಯವನಾಗಲಿ ಗೊತ್ತುಮಾಡುವುದು ಬೇಡ. ವರ್ಷದ ಎಲ್ಲ ರಾತ್ರಿಗಳನ್ನೂ ಬೆಟ್ಟದಲ್ಲೇ ಕಳೆಯುವವರು ಸಭೆ ಸೇರಿ ಗೊತ್ತುಮಾಡಲಿ.